ಹರಿಯಬೇಕಾದದ್ದು, ಹರಿಯಬಾರದ್ದು

ಬಟ್ಟೆ ಹರಿಯುವುದರಲ್ಲಿ ನನ್ನಷ್ಟು ಪರಿಣತ ಉಮರ್ಗಾ ಪೇಟೆಯಲ್ಲಿ ಇನ್ನೊಬ್ಬನಿಲ್ಲವೆಂಬ ಅಹಂಕಾರ, ಇಷ್ಟಲಿಂಗವನ್ನು ಕೊರಳಲ್ಲಿ ಧರಿಸಿಯೂ ಅಳಿಯದೆ, ಬಹುಕಾಲ ನನ್ನಲ್ಲಿತ್ತು. ಅಂಚಿಗೊಂದು ಕಚ್ಚು ಹಾಕಿ 'ಪರ್ರ್' ಎಂದು ಎಳೆದರೆ ಗೆರೆ ಹೊಡೆದಂತೆ ನೇರ ಹೋಗಬೇಕು. ಹರನ ಭಕ್ತನಾಗಿ ದಿನವಿಡೀ 'ಹರಿ, ಹರಿ' ಎನ್ನುವ ಬಟ್ಟೆ ವ್ಯಾಪಾರಿ ನಾನೊಬ್ಬನೇ ಇರಬೇಕು, ನೋಡಿ.

ಹೋದ ವರ್ಷ ಒಂದು ಮುಂಜಾನೆ, ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಶಾಂತಾ ಎದೆ ಹಿಡಿದು ಕುಳಿತಳು. ವಯಸ್ಸು ನಲವತ್ತೆರಡು, ಬಿಪಿ, ಸಕ್ಕರೆ ಯಾವುದೂ ಇಲ್ಲ. ಹೃದಯಾಘಾತವೆಂಬುದು ಹೊಟ್ಟೆ ಬಂದ ನನ್ನಂಥ ಶೇಠಜಿಗಳ ಸ್ವತ್ತೆಂದು ನಂಬಿದ್ದ ನಾನು 'ಪಿತ್ತ' ಎಂದು ತೀರ್ಪು ಕೊಟ್ಟು ಜೀರಿಗೆ ಸೋಡಾ ಕುಡಿಸಿದೆ. ನೋವು ಎಡಗೈಗಿಳಿದು ಬೆವರು ಸುರಿದಾಗಲೇ ದವಾಖಾನೆಗೆ ಓಡಿದ್ದು. ಇಸಿಜಿ ಸರಿಯಿದೆಯೆಂದು ತಿಳಿದು ನಾನು ಚಪ್ಪಲಿ ಹುಡುಕುತ್ತಿದ್ದರೆ, ಅಲ್ಲಿನ ಡಾಕ್ಟರಮ್ಮ ತಡೆದರು: "ಕಾಗದ ಚಲೋ ಅದ ರೀ ಕಾಕಾ, ಕಾಕೂರ ಮಾರಿ ಚಲೋ ಇಲ್ಲ. ರಕ್ತ ನೋಡೂತನ ಬಿಡಂಗಿಲ್ಲ." ಹೃದಯಕ್ಕೆ ಪೆಟ್ಟಾಗಿದೆಯೆಂದು ರಕ್ತವೇ ಹೇಳಿತು.

ಸೋಲಾಪುರದ ದೊಡ್ಡ ದವಾಖಾನೆಯಲ್ಲಿ ಎದೆಯ ರಕ್ತನಾಳಕ್ಕೆ ಬಣ್ಣದ ಮದ್ದು ಬಿಟ್ಟು ನೋಡಿದ ಹೃದಯತಜ್ಞರು ನನ್ನ ಕಸುಬು ಕೇಳಿಕೊಂಡು ಹೇಳಿದರು: "ಕೋಟಿನ ಅಸ್ತರ ಬಿಟ್ಟಂಗ ನಾಳದ ಒಳಪದರ ತಾನ ಹರದದ ರೀ. ಆ ಸಂದಿನಾಗ ರಕ್ತ ತುಂಬಿ ಹಾದಿ ಇಕ್ಕಟ್ಟಾಗ್ಯದ." ಹರಿಯಬೇಕಾದದ್ದು ರಕ್ತ, ಹರಿದದ್ದು ನಾಳ! ಅಂಥ ಹೊತ್ತಿನಲ್ಲೂ ಶ್ಲೇಷೆ ಹೊಳೆದದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ರಫೂ ಮಾಡ್ರಿ ಸಾಹೇಬ್ರ, ಹ್ಯಾಂಗರ ಹೊಲೀರಿ," ಎಂದು ಕೈಮುಗಿದೆ.

"ಸ್ಟೆಂಟ್ ಅಂತ ಸ್ಪ್ರಿಂಗ್ ಹಾಕ್ಲಿಕ್ಕಿ ಹೋದ್ರ ಇನ್ನಾ ಹರೀಬಹುದು. ಸದ್ಯ ನಾಳದಾಗ ರಕ್ತ ಹಾದು ಹೊಂಟದ, ನೋವು ಇಳದದ. ಗುಳಿಗಿ ಕೊಟ್ಟು ಕಾಯಮು. ಬಹಳ ಮಂದಿಗಿ ತಾನ ಕೂಡ್ತದ. ಮೊದಲಿನ ನಾಕೈದ್ ದಿನ ಮಾತ್ರ ಹೆದರಿಕಿ."

ಕೈಕಟ್ಟಿ ಕೂರುವುದೂ ಚಿಕಿತ್ಸೆಯೆಂದು ಒಪ್ಪಿಕೊಳ್ಳುವುದು, ಕೈಯಿಂದಲೇ ಬದುಕಿದವನಿಗೆ ಎಷ್ಟು ಕಠಿಣ! ಅವಳ ತಲೆಯ ಬಳಿಯ ಪರದೆಯಲ್ಲಿ ಎದೆಬಡಿತದ ಗೆರೆ ಕೊಂಚ ಹೊಯ್ದಾಡಿದರೂ ನನ್ನ ಕಿವಿಯಲ್ಲಿ ಅದೇ 'ಪರ್ರ್'. ಆರನೆಯ ದಿನ ಶಾಂತಾಳೇ ಗದರಿದಳು: "ಅಳಬ್ಯಾಡ್ರಿ. ಸೋಡಾ ಕುಡಿಸಿದ್ದು ಯಾರಿಗೂ ಹೇಳಂಗಿಲ್ಲ." ಊರಿಗೆ ಬಂದ ದಿನವೇ ಓಣಿಗೆಲ್ಲ ಹೇಳಿದಳೆನ್ನಿ.

ಕೆಲವು ತಿಂಗಳ ಬಳಿಕ ಮತ್ತೆ ಪರೀಕ್ಷಿಸಿ ನೋಡಿದರೆ ನಾಳ ತಾನಾಗಿ ಕೂಡಿತ್ತು. ನಾನು ಮಾತ್ರ ಹರಿಯುವುದನ್ನೇ ಬಿಟ್ಟು ಬಟ್ಟೆಗೆ ಕತ್ತರಿ ಹಿಡಿಯತೊಡಗಿದ್ದೆ. ಮೊನ್ನೆ ಉದಗೀರದ ಬೀಗರು ಎರಡು ಮೀಟರು ಕೇಳಿದಾಗ ಎಂದಿನಂತೆ ಕತ್ತರಿ ತಡಕಾಡಿದೆ. ಹಣದ ಗಲ್ಲೆಯ ಬಳಿ ಕುಳಿತಿದ್ದ ಶಾಂತಾ, "ಹರೀರಿ, ಅರಿವಿ ಅದ ಅದು, ನಾಳ ಅಲ್ಲ," ಎಂದಳು.

ಹರಿದೆ. ಗೆರೆ ನೇರವಾಗಿಯೇ ಹೋಯಿತು. ಅವಳು ಕಣ್ಣು ಕೂಡ ಮಿಟುಕಿಸಲಿಲ್ಲ. ಎದೆ ಹಿಡಿದುಕೊಂಡವನು ನಾನು.