ದನಿ ತಿನ್ನೂ ದೆವ್ವ

ಹೆದರಸೂದು ಹೆಂಗಂತ ನನಗ ಯಾರೂ ಕಲಿಸೂದು ಬ್ಯಾಡ. ಬೇಕಾದ್ರ ವಡಗಾವಿ ಓಣ್ಯಾಗ ಕೇಳಿ ನೋಡ್ರಿ. ಹೆಂಡತೀದೊಂದು ಬಿಳಿ ಸೀರಿ ಸುತಗೊಂಡು, ಗದ್ದದ ಕೆಳಗ ಬ್ಯಾಟರಿ ಹಿಡಕೊಂಡು, ಎಂಥೆಂಥಾ ಗಟ್ಟಿ ನೇಕಾರರನ್ನ ಲುಂಗಿ ಬಿಟ್ಟು ಓಡಿಸಿದಾಂವ ನಾ. ಅವರಾಗ ಒಬ್ಬಾಂವ ಮುಂದ ನನಗ ಬೀಗ ಆದ. ಇವತ್ತಿಗೂ ನನ್ನ ಬಾಜು ಕುಂದರೂದಿಲ್ಲ.

ಅಂಥಾ ನನ್ನ ಮುಂದ, ಖಾನಾಪುರದಾಗ ಮಗಳ ಮನ್ಯಾಗ, ಮೊಮ್ಮಗಳು ಜಪಾನಿ ದೆವ್ವದ ಪುಸ್ತಕ ಹಿಡಕೊಂಡು ಕುಂತಿದ್ಲು. ಮಾಂಗಾ ಅಂತಾರಂತ. ತುಂಬ ಕರಿ ಮಸಿ ಚಿತ್ರ.

"ಏ ಖೋಡಿ, ಪುಸ್ತಕ ಹಿಂದಿನಿಂದ ಓದಾಕತ್ತೀದಿ."

"ಇದು ಇರೂದ ಹಂಗ ಅಜ್ಜಾ" ಅಂದ್ಲು. ತಲಿ ಎತ್ತಲಿಲ್ಲ.

ನನ್ನ ಹೆಂಡತಿ ತೀರಿಹೋಗಿ ಆಗ ಒಂದು ಮಳಿಗಾಲ ಕಳದಿತ್ತು. ಮಗಳು ನೌಕರಿ ಮಾಡ್ತಾಳ. ಅದಕ್ಕ ಈ ಹುಡುಗಿ ಸಣ್ಣಾಕಿ ಇದ್ದಾಗಿಂದ ಅಜ್ಜಿ ಖಾನಾಪುರದಾಗ ಉಳದು ಆಕೀನ ಬೆಳಿಸಿದ್ಲು. ನಾ ವಡಗಾವ್ಯಾಗ ಮಷೀನ ಮಗ್ಗ ನೋಡಕೊಂಡು, ಐತವಾರ ರೇಲ್ವೆ ಹತ್ತಿ ಬರಾಂವ. ಆಕಿ ಹೋದಮ್ಯಾಲೂ ಬರೂದು ಬಿಡಲಿಲ್ಲ. ಹುಡುಗಿ ಮಾತಾಡೂದ ಕಡಿಮಿ ಮಾಡಿದ್ಲು. ನಗಿಸೂಣು ಅಂತ ಬರ್ತಿದ್ದೆ. ರೇಲ್ವೆ ದೇಸೂರ ಟೇಶನ್ ದಾಟೂದ್ರಾಗ ಒಂದು ಚ್ಯಾಷ್ಟಿ ತಯಾರ ಇರ್ತಿತ್ತು.

ಆವತ್ತು ಆ ಪುಸ್ತಕಾನ ಹಿಡದು ಕಾಡಿದೆ. "ಇದೆಂಥಾ ದೆವ್ವ? ಕೋಡಿಲ್ಲ, ಕ್ವಾರಿ ಹಲ್ಲಿಲ್ಲ. ನಾನ ಇದಕ್ಕಿಂತ ಛಲೋ ಇದ್ದೆ."

"ಹೆದರಿಕಿ ಹಲ್ಲಿನ್ಯಾಗ ಇರೂದಿಲ್ಲ. ಸುಮ್ಮ ಕೇಳು" ಅಂದು, ಇಂಗ್ಲಿಷಿನ್ಯಾಗ ಇದ್ದದ್ದನ್ನ ತನ್ನ ಅರ್ಧ ಮರಾಠಿ ಕನ್ನಡದಾಗ ಹೇಳಿದ್ಲು.

ಒಬ್ಬ ಹುಡುಗನ ಅಕ್ಕನ್ನ ದೆವ್ವ ಕೊಂದಿರ್ತಾವ. ಅವನ್ನ ಹೊಡ್ಯಾಕ ಅಂತ ಆ ಹುಡುಗ ಇನ್ನೊಂದು ದೆವ್ವಾನ ತನ್ನ ಎದಿಯಾಗ ಇಟಗೋತಾನ. ಕತ್ತಿ ಎತ್ತಿದಾಗೊಮ್ಮೆ ಅದು ಬಲಾ ಕೊಡ್ತೈತಿ. ಆದ್ರ ಅಕ್ಕನ ಒಂದೊಂದ ನೆನಪ ತಿಂತೈತಿ. ಮೊದಲು ಆಕಿ ತಲಿ ವಾಸನಿ ಹೋತು. ಆಮ್ಯಾಲ ಮುಖ.

ರುಂಡ ಹಾರೂ ಹಾಳಿ ನಾ ಪಟಪಟ ತಿರುವಿದೆ. ಹೊಡದಾಟ ಮುಗದಮ್ಯಾಲ ಒಂದು ಇಡೀ ಹಾಳಿ, ಅದರಾಗ ಒಂದು ಅಕ್ಷರಿಲ್ಲ. ಹುಡುಗ ಕೈಯಾಗ ತಲಿ ಬಾಚೂ ಹಣಗಿ ಒಂದು ಹಿಡಕೊಂಡು ಕುಂತಾನ. ಯಾರ ಹಣಗಿ ಅಂತ ಅವಗ ಗೊತ್ತಿಲ್ಲ. ಅಲ್ಲಿ ನನ್ನ ಚ್ಯಾಷ್ಟಿ ನಿಂತಬಿಡ್ತು. ಅಂವ ಗೆಲ್ಲಲಿ ಅನಸ್ತೈತಿ, ಕತ್ತಿ ಎತ್ತೂದ ಬ್ಯಾಡಂತನೂ ಅನಸ್ತೈತಿ. ಎರಡೂ ಒಮ್ಮೆಲೇ. ಅಷ್ಟು ಮಂದೀನ ಹೆದರಿಸಿದ ನನಗ ಅಂಥಾ ಹೆದರಿಕಿ ಎಂದೂ ಹುಟ್ಟಸಾಕ ಆಗಿಲ್ಲ ನೋಡ್ರಿ.

"ಮುಂದೇನಾತು?"

"ಗೊತ್ತಿಲ್ಲ. ಈಗ ಅವನ ಕಡೆ ಅಕ್ಕನ ದನಿ ಅಷ್ಟ ಉಳದೈತಿ. ಮುಂದಿನ ಪುಸ್ತಕ ಕಪಾಟಿನ್ಯಾಗೈತಿ, ನಾ ತಗದು ನೋಡಿಲ್ಲ."

"ಯಾಕ? ಹೆದರಿದೇನು?"

ಹುಡುಗಿ ಹಾಳಿ ಅಂಚು ಮಡಚಿಕೋತ ಕುಂತ್ಲು. "ಅಜ್ಜಾ, ನನಗ ಅಜ್ಜಿ ದನಿ ಮರ್ಯಾಕತ್ತೈತಿ."

"ಮೊಬೈಲಿನ್ಯಾಗ ವಿಡಿಯೊ ಅದಾವಲ್ಲ?"

"ಎಲ್ಲಾದ್ರಾಗೂ ನೀನ ಮಾತಾಡೀದಿ. ಅಜ್ಜಿ ಸೆರಗ ಬಾಯಿಗಿಟಗೊಂಡು ನಗತಾಳಷ್ಟ."

ನಾ ಎದಿ ಉಬ್ಬಿಸಿದೆ. ಯಾರ ದನಿ ಬೇಕಾದ್ರೂ ತಗ್ಯಾಂವ ನಾ! ಹೆಂಡತಿ ದನಿ ತಗದು ಫೋನಿನ್ಯಾಗ ಆಕಿ ತಂಗೀನ ಮೋಸ ಮಾಡಾಂವ. ಆಕಿ ಬದುಕಿದ್ದಾಗ ದಿನಾ ಆಕಿ ಮುಂದನ ಅಣಕಿಸಿ ಬೈಸಿಕೊಂಡಾಂವ. "ಇಷ್ಟಕ್ಕ ಮುಖ ಸಣ್ಣ ಮಾಡೀದೇನು? ಕೇಳಿಲ್ಲಿ" ಅಂದು, ಗಂಟಲಾ ಸರಿ ಮಾಡಕೊಂಡು ಒಗದೆ:

"ಏನ್ರೀಽಽ! ರೊಟ್ಟಿ ಆರತಾವಽಽ!"

ಬಾಜು ಮನಿ ನಾಯಿ ಬೊಗಳಿತು. ಹುಡುಗಿ ನನ್ನ ಮುಖ ನೋಡಿದ್ಲು.

"ಅದ್ಯಾರು?"

"ನಿಮ್ಮಜ್ಜಿ!"

"ಅಜ್ಜಿ ಎಂದ ಹಂಗ ಒದರ್ಯಾಳ?"

ಜಗಳಕ್ಕ ಬಾಯಿ ತಗದೆ, ಆಗ ಹೊಳೀತು. ವಡಗಾವಿ ಮನ್ಯಾಗ ಮಗ್ಗ ನಡದಾಗ ಯಾರೂ ಮಾತಾಡೂದಿಲ್ಲ, ಒದರತೀವಿ. ಮುಂಜಾನಿಂದ ಸಂಜೀತನಕ ಖಟ್ ಖಟ್, ಅದರ ಮ್ಯಾಲ ಹಾಯಬೇಕಲ್ಲ ದನಿ. ಲಗ್ನಾದಂದಿನಿಂದ ನಾ ಕೇಳಿದ್ದು ಆಕಿ ಮಗ್ಗದ ಮ್ಯಾಲಿನ ದನಿ. ಖಾನಾಪುರದಾಗ ಮಗ್ಗ ಇರಲಿಲ್ಲ ಖರೇ. ಆದ್ರ ಐತವಾರ ಅಲ್ಲಿ ನಾನ ಇರತಿದ್ದೆ, ಮಗ್ಗದಂಗ ಒದರಕೋತ.

ಆಕಿ ಕೂಡ ಬಾಳೇವು ಮಾಡಿದ ನಾ ಮೊಮ್ಮಗಳನ್ನ ಕೇಳಬೇಕಾತು. "ಹಂಗಾರ ಹೆಂಗ ಮಾತಾಡ್ತಿದ್ಲು ಹೇಳವ್ವಾ?"

"ಸಾವಕಾಶ. ಗಂಟಲದಾಗ ಸಣ್ಣಗ ಗಾಳಿ ಇದ್ದಂಗ. ಊಟಕ್ಕ ಕರಿಯೂದಂದ್ರ ಹತ್ತಿರ ಬಂದು ಕರೀತಿದ್ಲು, ಒದರತಿರಲಿಲ್ಲ." ಕಣ್ಣ ಮುಚ್ಚಿದ್ಲು. ತುಟಿ ಎರಡ ಸಲ ಅಲುಗಿ ಹಂಗ ನಿಂತ್ವು. "ಇರು, ಬಂತು. ಬಂತು ಅಜ್ಜಾ."

ಲಗೂನ ನನ್ನ ಕಡೆ ಸರದು, ಕಿವಿಗೆ ಬಾಯಿ ಹಚ್ಚಿ ಏನೋ ಅಂದ್ಲು.

ಕಿವಿಗೆ ಬಿಸಿ ಉಸಿರು ತಾಗಿತು, ಅಷ್ಟ. ಮಗ್ಗದ ಮುಂದ ಸವದ ಕಿವಿ ಇವು. ಸಣ್ಣ ದನಿ ಕೇಳಸೂದು ಬಿಟ್ಟು ಭಾಳ ದಿನಾ ಆತು. ಯಾರಿಗೂ ಹೇಳಿಲ್ಲ ನಾ. ಮಂದಿ ನಕ್ಕ ಕಡೆ ನಾನೂ ನಕ್ಕು ಸಾಗಿಸೀನಿ.

"ಹಿಂಗ ಅಲ್ಲ? ಇದ ಅಲ್ಲ ಅಜ್ಜಾ?" ಅಂತ ನನ್ನ ಅಂಗಿ ಹಿಡದು ಜಗ್ಗಿದ್ಲು. ಎಷ್ಟೋ ದಿನದ ಮ್ಯಾಲ ಆಕಿ ಮುಖದಾಗ ಕಳಾ ಬಂದಿತ್ತು. ಹೌದಂತ ಒಂದು ಮಾತು ಅಂದಿದ್ರ ಮುಗದಿತ್ತು. ಊರಿಗೆಲ್ಲಾ ಸುಳ್ಳ ಹೇಳಿದ ನನ್ನ ನಾಲಗಿ ಆವತ್ತು ಹೊರಳಲಿಲ್ಲ. ನನಗೂ ಕೇಳಬೇಕಿತ್ತು.

"ಇನ್ನೊಂಚೂರು ಜೋರಾಗಿ ಅನ್ನವ್ವಾ."

ಆಕಿ ಮತ್ತ ಬಾಯಿ ತಗದ್ಲು. ಆಮ್ಯಾಲ ತಡದು, ತಲಿ ಅಲ್ಲಾಡಿಸಿದ್ಲು.

"ಜೋರ ಮಾಡಿದ್ರ ಅದು ಅಜ್ಜಿ ದನಿ ಆಗೂದಿಲ್ಲ ಅಜ್ಜಾ."