ನಿಘಂಟಿನಲ್ಲಿ ಸಿಕ್ಕ ಮೀನುಗಾರ್ತಿ

ಕಳೆದ ವಾರ ಮೂರು ಬಂಗುಡೆ ಕೊಟ್ಟು ಒಂದು ಪುಸ್ತಕ ತಂದೆ. ಕೊಟ್ಟವನು ಮೀನು ತಿಂದು ಮರೆತಿರುತ್ತಾನೆ. ನನಗೆ ಮಾತ್ರ ಆ ಪುಸ್ತಕ ಗಂಟಲಲ್ಲಿ ಮುಳ್ಳಾಗಿ ಕೂತಿದೆ.

ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ. ಮೊಮ್ಮಗಳು ಸ್ವಾತಿಗೆ ಲಾ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಅವಳ ಅಪ್ಪ ಅಮ್ಮ ಇರುವುದು ಮುಂಬಯಿಯಲ್ಲಿ, ಕ್ಯಾಂಟೀನ್ ಕೆಲಸ. ಸಣ್ಣ ಮಗುವಾಗಿದ್ದಾಗಿನಿಂದ ಇವಳನ್ನು ಸಾಕಿದ್ದು ನಾನು. (ಆ ದಿನ ಕೋಟೇಶ್ವರದ ಮಾರ್ಕೆಟಿನಲ್ಲಿ ನನ್ನ ಹತ್ತಿರ ಮೀನು ಕೊಂಡವರಿಗೆಲ್ಲ ಎರಡೆರಡು ಮೀನು ಹೆಚ್ಚಿಗೆ ಹೋಗಿದೆ. ವಾಪಸು ಕೇಳುವುದಿಲ್ಲ, ಹೆದರಬೇಡಿ.)

ಲಾಯರು ಆಗುವವಳಿಗೆ ಒಂದು ದಪ್ಪ ಪುಸ್ತಕ ಬೇಡವೇ? ಗುಜರಿ ಅಂಗಡಿಯಲ್ಲಿ ಒಂದು ಹಳೆಯ ನಿಘಂಟು ಕಂಡಿತು. ವಿಜ್ಞಾನ, ಕಾನೂನು, ಕಲೆ, ಎಲ್ಲದರ ಶಬ್ದವೂ ಇದರಲ್ಲಿದೆ ಎಂದು ಅಂಗಡಿಯವನು ಹೇಳಿದ. ನಾನು ಓದಿದ್ದು ನಾಲ್ಕನೇ ಕ್ಲಾಸು. ಪುಸ್ತಕ ಆರಿಸುವುದು ಹೇಗೆ ಎಂದು ನನಗೇನು ಗೊತ್ತು? ಮೀನಿನ ಕಿವಿರು ಎತ್ತಿ ನೋಡುವ ಹಾಗೆ ರಟ್ಟು ಎತ್ತಿ ಮೂಸಿದೆ. ಹಳಸಲು ವಾಸನೆ. ಮೀನಾಗಿದ್ದರೆ ಅಲ್ಲಿಯೇ ಬಿಟ್ಟು ಬರುತ್ತಿದ್ದೆ.

ಸ್ವಾತಿ ನಕ್ಕಳು. "ಇದೆಲ್ಲ ಮೊಬೈಲಂಗೇ ಇತ್ತ್ ಅಮ್ಮಮ್ಮ."

"ಮೊಬೈಲಿಗೆ ಚಾರ್ಜ್ ಹೋತ್ತ್. ಇದ್ಕೆ ಹೋತಿಲ್ಲ. ಬಂಗುಡೆ ತೆಗಿ, ಕಾಂಬ."

"ಬಂಗುಡೆ: ಒಂದು ಜಾತಿಯ ಮೀನು."

"ಅಂಜಲ್?"

"ಒಂದು ಜಾತಿಯ ಮೀನು."

ಇದು ವಿಜ್ಞಾನವಂತೆ. ಯಾವ ತಿಂಗಳಲ್ಲಿ ಯಾವುದಕ್ಕೆ ಕೊಬ್ಬು ಬರುತ್ತದೆ, ಯಾವುದರ ಮುಳ್ಳು ಮಕ್ಕಳಿಗೆ ಆಗುವುದಿಲ್ಲ, ಒಂದು ಮಾತೂ ಇಲ್ಲ. ಬರೆದವರು ಮೀನನ್ನು ನೋಡಿದ್ದರೆ ಬಾಳೆಲೆಯ ಮೇಲೆ ನೋಡಿರಬೇಕು, ಅಷ್ಟೆ.

ಕಾನೂನಿನ ಕಡೆಗೆ ಹೋದೆವು. "ವಕೀಲ: ಕಕ್ಷಿದಾರನ ಪರವಾಗಿ ಸಮರ್ಥವಾಗಿ ವಾದಿಸುವವನು."

"ವಾದ ಮಾಡೂ ಹೆಂಗ್ಸ್ ಇಲ್ಯಾ?"

"ಇವ್ರ್ ಬರೆವತ್ತಿಗೆ ನಾ ಹುಟ್ಟಿರ್ಲಿಲ್ಲೆ ಅಮ್ಮಮ್ಮ."

ಇಬ್ಬರೂ ನಕ್ಕೆವು. ಕಲೆಯಲ್ಲಿ ‘ವಾಗ್ಮಿ’ ಸಿಕ್ಕಿತು: ಏರುದನಿಯಿಂದ ಸಭೆಯನ್ನು ಗೆಲ್ಲುವವನು. ಅದೂ ಗಂಡಸೇ.

"ಈಗ ನನ್ನ ತೆಗಿ" ಎಂದೆ.

"ನಿನ್ನನ್ನಾ?"

"ಮೀನುಗಾರ್ತಿ ಎಲ್ಲಿತ್ತ್ ಕಾಣ್."

ಪುಟ ತೆಗೆದಳು. ನೋಡಿದಳು. ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು. "ಮೀನುಗಾರ್ತಿ: ಮೀನು ಮಾರುವ ಹೆಂಗಸು" ಎಂದು ಓದಿ ಪುಸ್ತಕ ಮುಚ್ಚಿದಳು.

"ಅಷ್ಟೇಯಾ?"

"ಅಷ್ಟೇ."

ತಕ್ಕಡಿ ಇಲ್ಲದೆ ಮೀನಿನ ತೂಕ ಹೇಳುವವಳು ನಾನು. ಸಾಕಿದ ಮೊಮ್ಮಗಳ ಮುಖ ನೋಡಿ ತಿಳಿಯುವುದಿಲ್ಲವೇ?

ಮರುದಿನ ಅವಳಿಲ್ಲದಾಗ ಕನ್ನಡಕ ಹಾಕಿ, ಅಕ್ಷರದ ಕೆಳಗೆ ಬೆರಳಿಟ್ಟು ಓದಿದೆ. ‘ಮೀನು ಮಾರುವ ಹೆಂಗಸು, ಒರಟು ಬಾಯಿಯವಳು, ಜಗಳಗಂಟಿ.’ ಓದಲು ಬಹಳ ಹೊತ್ತು ಬೇಕಾಯಿತು. ತಿಳಿಯಲು ಬೇಕಾಗಲಿಲ್ಲ.

ವಕೀಲರು ದನಿ ಎತ್ತಿದರೆ ವಾದ, ವೇದಿಕೆಯವರು ಎತ್ತಿದರೆ ಕಲೆ. ನಾನು ಎತ್ತಿದರೆ ಒರಟು ಬಾಯಿ. ಇರಲಿ. ನಾನು ದನಿ ಎತ್ತಿದ್ದು ಯಾಕೆ ಎಂದು ಪುಸ್ತಕ ಬರೆದವರು ಒಮ್ಮೆ ಬಂದು ಕೇಳಬಹುದಿತ್ತಲ್ಲ?

ಪ್ರಾಯದಲ್ಲಿ ನಾನು ತಲೆಯ ಮೇಲೆ ಬುಟ್ಟಿ ಹೊತ್ತು ತೆಕ್ಕಟ್ಟೆಯ ಕಡೆ ಮನೆಮನೆಗೆ ಹೋಗುತ್ತಿದ್ದೆ. ಕೆಲವು ದೊಡ್ಡ ಮನೆಗಳಲ್ಲಿ ಅಂಗಳಕ್ಕೆ ಕಾಲಿಡುವಂತಿರಲಿಲ್ಲ. ಬೇಲಿಯ ಹೊರಗೇ ನಿಲ್ಲಬೇಕು. ಅಡುಗೆಮನೆ ಇರುವುದು ಹಿಂಬದಿಯಲ್ಲಿ. ಅಲ್ಲಿಗೆ ಕೇಳಬೇಕಾದರೆ ಹೊಟ್ಟೆಯಿಂದ ದನಿ ಬರಬೇಕು. "ಹ್ವಾಯ್, ಮೀನ್ ಬೇಕಾ ಮೀನ್." ಮೆಲ್ಲಗೆ ಕರೆದ ದಿನ ಬುಟ್ಟಿ ಹಾಗೆಯೇ ಮನೆಗೆ ಬರುತ್ತಿತ್ತು.

ಒಳಗಿನಿಂದ ಒಬ್ಬ ಅಮ್ಮ ದಿನಾ ಹೇಳುತ್ತಿದ್ದರು. "ಎಂತ ಗಂಟ್ಲ್ ಮಾರಾಯ್ತಿ ನಿಂದ್. ಮಲ್ಕಂಡ ಮಕ್ಕಳ್ ಏಳುದಿಲ್ಯಾ?"

ದೂರ ನಿಲ್ಲಿಸಿದವರು ಅವರು. ಕೆಟ್ಟ ಹೆಸರು ನನ್ನ ಗಂಟಲಿಗೆ. ಆ ಬೇಲಿಯ ಸುದ್ದಿ ನಿಘಂಟಿನ ಯಾವ ಪುಟದಲ್ಲೂ ಇಲ್ಲ. (ಹುಡುಕಿದ್ದೇನೆ. ‘ಬೇಲಿ: ಮುಳ್ಳಿನ ಆವರಣ’ ಎಂದು ಮಾತ್ರ ಇದೆ.)

ಸ್ವಾತಿಗೂ ನನ್ನದೇ ಗಂಟಲು. ಅದೇ ಗಂಟಲಿನಲ್ಲಿ ಮಾತಾಡಿ ಚರ್ಚಾಸ್ಪರ್ಧೆಯ ಕಪ್ ತಂದಿದ್ದಾಳೆ. ಅವಳಿಗೆ ಚಪ್ಪಾಳೆ. ಆ ದಿನ ಹಿಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಗಟ್ಟಿಯಾಗಿ ತಟ್ಟಿದವಳು ನಾನೇ.

ಪುಸ್ತಕದ ಮಾತನ್ನು ಅಲ್ಲಿಗೇ ಬಿಡುತ್ತಿದ್ದೆ. ಆದರೆ ಮೊನ್ನೆ ಕಾಲೇಜಿನ ಫಾರ್ಮಿಗೆ ನನ್ನ ಸಹಿ ಬೇಕಾಯಿತು. ಸ್ವಾತಿ ಎಲ್ಲ ತುಂಬಿಸಿ ತಂದಿದ್ದಳು. ಪೋಷಕರು ಎನ್ನುವಲ್ಲಿ ನನ್ನ ಹೆಸರು. ಹಿಗ್ಗಿ ಹೋದೆ. ಅದರ ಕೆಳಗೆ ಉದ್ಯೋಗ: ಬಿಸಿನೆಸ್.

"ಇದೆಂತ ಹೆಣ್ಣೇ?"

"ಮೀನ್ ಮಾರೂದೂ ಬಿಸಿನೆಸ್ಸೇ ಅಲ್ದಾ?"

"ಹೌದ್. ಮತ್ತೆ ಮೀನ್ ಎಂತಕೆ ಬಿಟ್ಟದ್ದ್?"

ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು. ಆಮೇಲೆ ಮೆಲ್ಲಗೆ, "ಅಲ್ಲಿ ಎಲ್ಲರೂ ಓದ್ತ್ರ್ ಅಮ್ಮಮ್ಮ" ಎಂದಳು.

"ನಾನೂ ಓದಿದೆ. ಆ ಪುಸ್ತಕ."

ಅವಳು ತಲೆ ಎತ್ತಲಿಲ್ಲ. "ನಿಂಗೆ ಬೇಜಾರ್ ಆತ್ತ್ ಅಂದೇಳಿ ಅವತ್ತ್ ಪೂರ್ತಿ ಓದ್ಲಿಲ್ಲೆ."

ಅದು ನನಗೂ ಗೊತ್ತು. ಅವತ್ತು ಅವಳು ಮುಚ್ಚಿಟ್ಟದ್ದು ನನ್ನ ಮೇಲಿನ ಪ್ರೀತಿಗೆ. ಫಾರ್ಮಿನಲ್ಲಿ ಮುಚ್ಚಿಟ್ಟದ್ದು ಯಾರ ಹೆದರಿಕೆಗೆ? ಸಹಿ ಹಾಕಲು ನನಗೆ ಕೈ ಬರಲಿಲ್ಲ. ಪೆನ್ನನ್ನು ಅವಳ ಕೈಯಲ್ಲೇ ಬಿಟ್ಟು ಬುಟ್ಟಿ ತೊಳೆಯಲು ಹೋದೆ. ಫಾರ್ಮು ಇನ್ನೂ ಮೇಜಿನ ಮೇಲೆ ಇದೆ. ನಾಡಿದ್ದು ಕೊಡಬೇಕು.

ಆ ನಿಘಂಟು ಬರೆದವರು ತೀರಿಕೊಂಡು ಎಷ್ಟು ಕಾಲವಾಯಿತೋ ಏನೋ. ನಮ್ಮ ಮನೆಯ ಫಾರ್ಮು ತುಂಬುವುದು ಇನ್ನೂ ಅವರೇ ಏನು?