ಒಂದೇ ಡಬ್ಬದಲ್ಲಿದ್ದ ಅಮ್ಮನ ಹಾಡುಗಳು

ತೀರಿಕೊಂಡ ಅಮ್ಮನ ಹಸೆಹಾಡುಗಳು ಕ್ಯಾಸೆಟ್ಟಿನಲ್ಲಿದ್ದವು. ಅವನ್ನು ಹಾರ್ಡ್ ಡಿಸ್ಕಿಗೆ ಇಳಿಸಿ, ಹಾಳಾಗದಿರಲೆಂದು ಇನ್ನೊಂದು ಡಿಸ್ಕಿಗೂ ಹಾಕಿದ್ದೆ. ಆಮೇಲೆ ಎಲ್ಲವನ್ನೂ ಒಂದೇ ಬಿಸ್ಕತ್ತಿನ ಡಬ್ಬದಲ್ಲಿಟ್ಟೆ.

ಈ ಬೇಸಿಗೆಯಲ್ಲಿ ನೋಯ್ಡಾದ ನಮ್ಮ ಫ್ಲ್ಯಾಟಿನ ಕೆಳಗಿನ ಮನೆಯ ಏಸಿಗೆ ಬೆಂಕಿ ಹತ್ತಿತು. ಹೊಗೆಯಲ್ಲಿ ಅರ್ಧ ಮೆಟ್ಟಿಲು ಇಳಿದವಳು ಡಬ್ಬದ ನೆನಪಾಗಿ ಮತ್ತೆ ಮೇಲೆ ಹತ್ತಿದೆ. ಸಾಮಾನು ಬಿಟ್ಟು ಬನ್ನಿ ಎಂದು ಸೆಕ್ಯುರಿಟಿಯವನು ತೋಳು ಹಿಡಿದು ಕೆಳಗೆಳೆದ. "ಮೇಡಂ ಜೀ, ಸಾಮಾನ್ ಛೋಡೋ, ಚಲೋ!"

ಬೆಂಕಿ ನಮ್ಮ ಮನೆಗೆ ಬರಲಿಲ್ಲ, ಡಬ್ಬ ಉಳಿಯಿತು. ಮೈಸೂರಿನಲ್ಲಿರುವ ತಂಗಿ ಫೋನಿನಲ್ಲಿ ನಕ್ಕಳು. "ಎರಡೂ ಒಂದೇ ಡಬ್ಬದಲ್ಲಾ ಅಕ್ಕಾ? ಅಮ್ಮನೂ ಬೀಗದ ಎರಡು ಕೀಲಿ ಒಂದೇ ಗೊಂಚಲಲ್ಲೇ ಇಡ್ತಿದ್ಳು."

ಒಂದು ಡಿಸ್ಕ್ ಅವಳಿಗೆ ಕಳಿಸಿದ್ದೇನೆ. ಹಾಡು ಹಾಕಿದಾಗಲೆಲ್ಲ ಆ ಹೊಗೆ ತುಂಬಿದ ಮೆಟ್ಟಿಲು ಕಣ್ಣಮುಂದೆ ಬರುತ್ತದೆ. ನಾನು ಮತ್ತೆ ಮೇಲೆ ಹತ್ತಿದ್ದನ್ನು ಅವಳಿಗಿನ್ನೂ ಹೇಳಿಲ್ಲ.